ತಿರುವಿನಲ್ಲಿ ಎತ್ತಿದ ಬೆರಳು

"ಬ್ರೇಕ್ ಒತ್ತಬೇಡ್ರೀ!"

ಪಕ್ಕದ ಕಂಪ್ಯೂಟರಿನಿಂದ ಬಂದ ಕೂಗಿಗೆ ಮೃದುಲಾ ಬೆಚ್ಚಿದಳು. ಪರದೆಯ ಮೇಲೆ ಅವಳ ಕಾರು ಗಿರಗಿರನೆ ಸುತ್ತಿ ಗೋಡೆಗೆ ಬಡಿಯಿತು.

"ಇದು ಹಿಂದಿನ ಚಕ್ರ ತಳ್ಳೋ ಕಾರು. ಹಿಂಭಾಗ ಜಾರಿದ್ರೆ ಹೆದರ್ಬೇಡಿ, ಜಾರೋ ಕಡೆಗೇ ಸ್ಟಿಯರಿಂಗ್ ತಿರುಗ್ಸಿ. ಆಕ್ಸಿಲರೇಟರ್ ಕೀ ಮಾತ್ರ ಒಂದೇ ಸಲ ಬಿಡ್ಬೇಡಿ... ಬಿಟ್ರೆ ಸುತ್ಕೊಂಡ್ಬಿಡುತ್ತೆ!"

ಅವನು ಭಾರ್ಗವ್. ಕೋಲಾರದಲ್ಲಿ ಕೆಲಸ, ಮುಳಬಾಗಿಲಿನಲ್ಲಿ ಮನೆ.

ಅದು 2006. ಮುಳಬಾಗಿಲಿನಿಂದಲೇ ಕೋಲಾರದ ಕಾಲೇಜಿಗೆ ಹೋಗಿಬರುತ್ತಾ ಬಿ.ಕಾಂ. ಓದುತ್ತಿದ್ದ ಮೃದುಲಾ, ಗೆಳತಿ ಗಂಗಾಲಕ್ಷ್ಮಿಯ ಜೊತೆ ಊರಿನ ಆ ಕಂಪ್ಯೂಟರ್ ಗೇಮ್ ಸೆಂಟರಿಗೆ ಕದ್ದು ಬರುತ್ತಿದ್ದಳು. ಬಾಗಿಲು ಸದ್ದಾದರೆ ಸಾಕು, ತಿರುಗಿ ನೋಡುತ್ತಿದ್ದಳು... ಅಪ್ಪನಿಗೆ ಗೊತ್ತಾದರೆ?

ಆದರೂ ಬಂದಳು. ಅವನು ಕಲಿಸಿದ. ಕಾರು ಅಡ್ಡಡ್ಡ ಜಾರುತ್ತಲೇ ಮೊದಲ ಸಲ ತಿರುವು ದಾಟಿದಾಗ ಅವಳು ಕಿರುಚಿಯೇಬಿಟ್ಟಳು!

ಒಂದು ಸಂಜೆ ಇಬ್ಬರಿಗೂ ರೇಸ್. ಕೊನೆಯ ತಿರುವಿನಲ್ಲಿ ಭಾರ್ಗವ್ ಮುಂದಿದ್ದ. ಇದ್ದಕ್ಕಿದ್ದಂತೆ ಅವನ ಬೆರಳು ಆಕ್ಸಿಲರೇಟರ್ ಕೀಯಿಂದ ಎದ್ದಿತು. ಅವನ ಕಾರು ಸುತ್ತಿತು. ಅವಳು ಗೆದ್ದಳು.

"ಹುಡುಗೀಗೆ ಬಿಟ್ಕೊಟ್ಟ ಕಣೋ!" ಹಿಂದಿದ್ದ ಹುಡುಗರು ನಕ್ಕರು.

ಮೃದುಲಾಳ ಮುಖ ಕೆಂಪೇರಿತು. "ಬೆರಳು ಎತ್ಬಾರ್ದು ಅಂತ ಹೇಳಿದ್ದೇ ನೀವು! ನನ್ನ ಮೇಲೆ ಕನಿಕರಾನಾ?"

ಅವನು ಪರದೆಯನ್ನೇ ನೋಡುತ್ತಾ ಕುಳಿತ. ಅವಳು ಎದ್ದು ಹೋದಳು.

ಆಮೇಲೆ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಭಾನುವಾರ ಹತ್ತಿರ ಬರುತ್ತಿತ್ತು... ಅಂದು ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. 'ಅವನು ಯಾಕೆ ಒಂದು ಮಾತೂ ಆಡಲಿಲ್ಲ?'

ಶುಕ್ರವಾರ ಬೆಳಿಗ್ಗೆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಅವನೇ ಎದುರು ನಿಂತ. ಕಣ್ಣುಗಳು ಬಾಡಿದ್ದವು.

"ಅವತ್ತು ಬೇಕಂತ ಸೋತಿಲ್ಲ ರೀ. ನಿಮ್ಮನ್ನ ನೋಡೋಕೆ ಬರ್ತಾರೆ ಅಂತ ಗಂಗಾಲಕ್ಷ್ಮಿ ಅವತ್ತೇ ಬೆಳಿಗ್ಗೆ ಹೇಳಿದ್ರು. ಆ ತಿರುವಲ್ಲಿ ನೀವು ನಗ್ತಾ ಇದ್ರಿ... ಇನ್ಮೇಲೆ ಈ ನಗು ಕಾಣಲ್ವಲ್ಲಾ ಅನ್ನಿಸ್ತು. ಕೈ ನನ್ನ ಮಾತು ಕೇಳಲಿಲ್ಲ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಅವತ್ತೇ ಹೇಳೋಕೆ ಏನಾಗಿತ್ತು?"

"ಬೇಡ ಅಂದ್ಬಿಟ್ರೆ ಅನ್ನೋ ಭಯ."

"ನನಗೂ ಭಯವೇ ಕಣ್ರೀ! ನೀವು ಹೇಳೋದೇ ಇಲ್ವೇನೋ ಅಂತ..."

ಕೋಲಾರದ ಬಸ್ ಹೊರಟಿತು. ಇಬ್ಬರೂ ಹತ್ತಲಿಲ್ಲ.

"ನಮ್ಮಪ್ಪನ ಹತ್ರ ಮಾತಾಡೋ ಧೈರ್ಯ ಇದೆಯಾ?"

"ಇಲ್ಲ... ಆದ್ರೂ ಬರ್ತೀನಿ."

"ಯಾವಾಗ?"

"ಈಗ್ಲೇ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ನಡೀರಿ. ಮೊದಲು ನಾನು ಮಾತಾಡ್ತೀನಿ, ನೀವು ಪಕ್ಕದಲ್ಲಿ ನಿಂತಿರಿ ಸಾಕು."