ಸಡ್ಡೆಯ ತಳದ ಬೀಜ

ಹುಳುಗಳೂ ರೋಗಗಳೂ ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲವೊಂದಿತ್ತು. ಆಗ ಕಲ್ಲುಕೋಟೆ ಎಂಬ ರಾಜ್ಯವನ್ನು ಚೊಕ್ಕರಾಯ ಎಂಬ ಅರಸ ಆಳುತ್ತಿದ್ದ. ಅವನು ಹೊಲಗಳನ್ನು ಕೋಟೆಯ ಮೇಲಿನಿಂದ ಮಾತ್ರ ನೋಡಿದ್ದ. ಅಲ್ಲಿಂದ ಅವನಿಗೆ ಒಂದು ದೊಡ್ಡ ಕೊರತೆ ಕಂಡಿತು. ರಾಗಿ ಹೊಲದಲ್ಲಿ ರಾಗಿಯೊಂದೇ ಇರಲಿಲ್ಲ.

ನಡುನಡುವೆ ಅಕ್ಕಡಿ ಸಾಲುಗಳಿದ್ದವು. ಅವರೆ, ಅಲಸಂದೆ, ಜೋಳ, ಹರಳು, ಹಳದಿ ಹೂವಿನ ಹುಚ್ಚೆಳ್ಳು. ಗಂಡಸರು ಕೂರಿಗೆ ಹೊಡೆದು ರಾಗಿ ಬಿತ್ತುವಾಗ ಹೆಂಗಸರು ಹಿಂದೆಯೇ ನಡೆದು, ಮಡಿಲಿನ ಬೀಜಗಳನ್ನು ಒಂದು ಬಿದಿರ ಕೊಳವೆಯಲ್ಲಿ ಇಳಿಬಿಡುತ್ತಿದ್ದರು. ಅದೇ ಸಡ್ಡೆ. ಅದು ಅತ್ತೆಯಿಂದ ಸೊಸೆಗೆ ಬರುತ್ತಿತ್ತು.

"ಇದೆಂಥ ಗಲೀಜು," ಎಂದ ಅರಸ.

ಇಂಥ ಮಾತಿಗೆ ಕಾದಿರುವವರು ಎಲ್ಲ ರಾಜ್ಯಗಳಲ್ಲೂ ಇರುತ್ತಾರೆ. ಶುಭ್ರನಾಥನೆಂಬ ಮಾಂತ್ರಿಕ ಬಂದ. ಮನೆಮನೆಯ ಅಕ್ಕಡಿ ಬೀಜ ಸುಡಿಸಿದ. ಹೊಲದ ಬದುವಿನ ಮೇಲೆ ನಿಂತು, "ರಾಗಿಯಲ್ಲದ್ದೆಲ್ಲ ಮಾಯವಾಗಲಿ" ಎಂದು ಜಪಿಸಿದ. ಮೊದಲು ಅವನ ಕಾಲ ಬಳಿಯ ಗಿಡ ಮಾಯವಾಯಿತು, ಆಮೇಲೆ ಅದರಾಚೆಯದು, ಹಾಗೇ ಹೊಲದ ಕೊನೆಯವರೆಗೂ. ಬದು ಹೊಲವಲ್ಲ, ಆದ್ದರಿಂದ ಅವನಿಗೇನೂ ಆಗಲಿಲ್ಲ. ಕೂಲಿಯಾಗಿ ರಾಜ್ಯದ ಹಳದಿ ಬಣ್ಣವನ್ನು ಒಯ್ದ. ಯಾರೂ ಚಿಂತಿಸಲಿಲ್ಲ.

ಮರುವರ್ಷ ಕಂಬಳಿ ಹುಳು ಬಿತ್ತು. ಮಾಂತ್ರಿಕ ಓಡಿಸಿದ, ಹಕ್ಕಿಗಳ ದನಿ ಒಯ್ದ. ಅದರ ಮರುವರ್ಷ ಬೆಂಕಿ ರೋಗ ಬಂತು. ಓಡಿಸಿದ, ಮೊದಲ ಮಳೆಯ ವಾಸನೆ ಒಯ್ದ. ಆಮೇಲೆ, "ಇನ್ನು ನೆಲವೇ ಬೇಕು, ಉಳುವವರು ನನ್ನ ಆಳುಗಳಾಗಲಿ" ಎಂದ. ಅರಸ ಬೇರೆ ಕಡೆ ನೋಡಿದ.

ಆ ಸಂಜೆ ದ್ಯಾವೀರಿ ಎಂಬ ರೈತ ಹೆಂಗಸು ಗೋಡೆಯ ಮೇಲಿನ ಸಡ್ಡೆಯನ್ನು ಇಳಿಸಿಕೊಂಡು ಕೂತಳು. ನಾಳೆ ನೆಲವಿರುವುದಿಲ್ಲ. ಸಡ್ಡೆಯ ಬಾಯಿ ತೀರಿಹೋದ ಅತ್ತೆ ಮಾಳವ್ವನ ಅಂಗೈ ತಗಲಿ ಸವೆದು ನುಣ್ಣಗಾಗಿತ್ತು. ಮಳೆ ಬಿದ್ದ ಬೆಳಿಗ್ಗೆ, ಕೂರಿಗೆಯ ಹಿಂದೆ ಅತ್ತೆ ನಡೆಯುತ್ತಿದ್ದಳು. "ಬಿರಬಿರನೆ ಬಾರೇ, ಎತ್ತಿಗಿಂತ ನಿಧಾನ ನೀನು" ಎಂದು ಬೈಯುತ್ತಿದ್ದಳು. ಆ ಬೈಗುಳ, ಹಸಿಮಣ್ಣಿನ ಆ ವಾಸನೆ. ವಾಸನೆ ನೆನಪಿಗೂ ಬರಲಿಲ್ಲ. ಅದನ್ನೂ ಮಾಂತ್ರಿಕ ಒಯ್ದಿದ್ದ.

ಸಿಟ್ಟಿಗೆ ಸಡ್ಡೆಯನ್ನು ನೆಲಕ್ಕೆ ಕುಟ್ಟಿದಳು. ತಳದ ಸೀಳಿನಲ್ಲಿ ಸಿಕ್ಕಿಕೊಂಡಿದ್ದ ಬೀಜಗಳು ಉದುರಿದವು.

ಪಕ್ಕದ ಮನೆಗೆ ಓಡಿದಳು. "ಕೆಂಚಕ್ಕ, ನಿನ್ನ ಸಡ್ಡೆ ಐತಾ?"

"ಇರದೆ? ಅತ್ತೆ ಮುಟ್ಟಿದ್ದನ್ನ ಯಾರಾದ್ರೂ ಒಲೆಗೆ ಹಾಕ್ತಾರಾ? ಬದುಕಿದ್ದಾಗ ಕಾಟ ಕೊಟ್ಟಿದ್ದು ಸಾಲದಾ, ಸತ್ತ ಮೇಲೂ ಬರಲಿ ಅಂತಾನಾ?"

ಆ ಭಯ ಊರಿನ ಎಲ್ಲ ಸೊಸೆಯರಿಗೂ ಇತ್ತು. ಬಿತ್ತನೆಯ ಕೆಲಸವನ್ನೇ ಕಾಣದ ಮಾಂತ್ರಿಕ ಬೀಜ ಸುಟ್ಟು ಕೊಳವೆ ಬಿಟ್ಟಿದ್ದ. ಮನೆಮನೆಯಲ್ಲೂ ಸಡ್ಡೆ ಕುಟ್ಟಿದರು. ಒಂದು ಹೊಲಕ್ಕಾಗುವಷ್ಟು ಬೀಜವಾಯಿತು.

ದ್ಯಾವೀರಿ ಆಸ್ಥಾನಕ್ಕೆ ಹೋದಳು. "ಬುದ್ಧೀ, ಈ ವರ್ಷ ನನ್ನ ಹೊಲ ನಾನೇ ಕಾಯ್ತೀನಿ. ಮಂತ್ರ ಬೇಡ."

ಶುಭ್ರನಾಥ ನಕ್ಕ. "ಆಗಲಿ. ಮೂವರನ್ನು ಕಳಿಸುತ್ತೇನೆ. ಒಬ್ಬ ಗೆದ್ದರೂ ನೆಲ ನನ್ನದು. ಮೂವರೂ ಸೋತರೆ ನಾನು ಒಯ್ದದ್ದೆಲ್ಲ ವಾಪಸ್ಸು."

ಅವಳು ಬಿತ್ತಿದಳು. ಸಾಲುಗಳು ಎದ್ದವು. ಮೊದಲು ಕಳೆ ಬಂತು, ಕಂಕುಳಲ್ಲಿ ಚಾಪೆ ಸಿಕ್ಕಿಸಿಕೊಂಡ ಮುದುಕನ ವೇಷದಲ್ಲಿ.

"ಮಲಗೋಕೆ ಜಾಗ ಐತೇನವ್ವ?"

"ಹುಡುಕ್ಕೊ ತಾತ."

ಹುಡುಕಿದ. ರಾಗಿಯ ಸಂದಿಯಲ್ಲಿ ಅವಳು ಕುಂಟೆ ಹೊಡೆದಿದ್ದಳು. ಉಳಿದ ಕಡೆಯೆಲ್ಲ ಅಲಸಂದೆ ಬಳ್ಳಿ ಕಾಲು ಚಾಚಿತ್ತು. ಮುದುಕ ಗೊಣಗುತ್ತ ಚಾಪೆ ಸುತ್ತಿಕೊಂಡು ಹೋದ.

ಆಮೇಲೆ ಕಂಬಳಿ ಹುಳು ಬಂತು, ಕರುವಿನಷ್ಟು ದಪ್ಪ. ಹರಳು ಗಿಡ ಕಂಡು ನಿಂತಿತು.

"ರಾಗಿ ತಿನ್ನಲ್ವಾ?" ಎಂದಳು.

"ಇಂಥ ಎಲೆ ಇರುವಾಗ ರಾಗಿ ಯಾರಿಗೆ ಬೇಕು ತಾಯಿ? ಆ ವರ್ಷ ಬೇರೇನೂ ಇರಲಿಲ್ಲ, ತಿಂದೆ."

ಅದು ಮೇಯುತ್ತ ಮೈಮರೆಯಿತು. ದನಿಯಿಲ್ಲದ ಹಕ್ಕಿಗಳು ಬಂದು ಎತ್ತರದ ಜೋಳದ ದಂಟಿನ ಮೇಲೆ ಕೂತವು, ಕೆಳಗೆ ನೋಡಿದವು. ಅವು ಊಟ ಮುಗಿಸಿದಾಗ ಹುಳು ಇರಲಿಲ್ಲ, ಹರಳಿನ ದಂಟು ಮಾತ್ರ ಉಳಿದಿತ್ತು.

ರಾಗಿ ತೆನೆ ಬಿಟ್ಟಾಗ ಬೆಂಕಿ ರೋಗ ಬಂತು, ಕೆಂಪು ಕುದುರೆಯಾಗಿ. ಅದರ ಗೊರಸು ತಗಲಿದ ತೆನೆ ಸುಟ್ಟಂತೆ ಒಣಗುತ್ತಿತ್ತು. ಅಂಚಿನ ರಾಗಿ ಹೋಯಿತು. ಕುದುರೆ ಅವರೆ ಸಾಲಿನ ಮುಂದೆ ಬಂದು ನಿಂತಿತು.

"ಇದೇನು, ರಾಗಿ ನಿಂತುಹೋಯ್ತಲ್ಲ?"

"ಆಚೆ ಐತೆ."

"ನನಗೆ ರಾಗಿಯಿಂದ ರಾಗಿಗೆ ಹಾರಿ ಅಭ್ಯಾಸ," ಎಂದು ಕುದುರೆ ಸೀನಿತು, ತಲೆ ತಗ್ಗಿಸಿ ಹಿಂತಿರುಗಿತು.

ಮಾಂತ್ರಿಕನೇ ಓಡಿ ಬಂದ. ಸೋತವನು ಮಾತು ಉಳಿಸಿಕೊಳ್ಳಬೇಕೆಂಬ ನಿಯಮ ಅವನಿಗೆ ಗೊತ್ತಿರಲಿಲ್ಲ. ಬದುವಿನ ಮೇಲೆ ನಿಂತು ಅದೇ ಹಳೆಯ ಜಪ ಶುರುಮಾಡಿದ.

"ಸ್ವಾಮಿ, ನಿಂತ ಜಾಗ ನೋಡ್ಕೊಳಿ," ಎಂದಳು ದ್ಯಾವೀರಿ.

ಅವನು ನೋಡಲಿಲ್ಲ. ಬದು ಕಾಣುತ್ತಲೇ ಇರಲಿಲ್ಲ. ಅಲಸಂದೆ ಅದನ್ನು ಹತ್ತಿ ಇಳಿದು, ಹೂ ಬಿಟ್ಟು, ಬದುವನ್ನೂ ಹೊಲ ಮಾಡಿಕೊಂಡು ಬಹಳ ದಿನವಾಗಿತ್ತು. ಮಂತ್ರ ಎಂದಿನಂತೆ ಹತ್ತಿರದಿಂದ ಶುರುವಾಯಿತು. ರಾಗಿಯಲ್ಲದ್ದರಲ್ಲಿ ಅತಿ ಹತ್ತಿರವಿದ್ದದ್ದು ಶುಭ್ರನಾಥನೇ. ಅರ್ಧ ಮಾತಿನಲ್ಲೇ ಮಾಯವಾದ. ಮಂತ್ರವೂ ಅಲ್ಲಿಗೇ ನಿಂತಿತು.

ಜೋಳದ ಮೇಲಿನ ಹಕ್ಕಿಯೊಂದು ಕೂಗಿ, ತನ್ನ ದನಿಗೆ ತಾನೇ ಬೆಚ್ಚಿತು. ಅದುವರೆಗೆ ಬೆಳ್ಳಗಿದ್ದ ಹುಚ್ಚೆಳ್ಳಿನ ಹೂಗಳು ಒಂದೊಂದಾಗಿ ಹಳದಿಯಾದವು. ಕೋಟೆಯ ಮೇಲಿದ್ದ ಅರಸ ಮೊದಲ ಬಾರಿಗೆ ಕೆಳಗಿಳಿದು ಬಂದ. ಅವನ ಪಾದುಕೆಗೆ ಮಣ್ಣು ಮೆತ್ತಿತು. ಅದೂ ಒಂದು ಲಾಭವೇ.

ಆ ರಾಜ್ಯದವರು ಸುಖವಾಗಿ, ಎಂದಿನಂತೆ ಜಗಳವಾಡಿಕೊಂಡು ಬಾಳಿದರು. ಮುಂದಿನ ಮಳೆಗೆ ದ್ಯಾವೀರಿ ಮಡಿಲು ಕಟ್ಟಿ ಕೂರಿಗೆಯ ಹಿಂದೆ ನಡೆದಳು. ಮಣ್ಣಿನ ವಾಸನೆ ಎದ್ದಿತು. ಅದರ ಹಿಂದೆಯೇ ಅತ್ತೆಯ ಬೈಗುಳ ನೆನಪಾಯಿತು. ಅವಳು ಬಿರಬಿರನೆ ಹೆಜ್ಜೆ ಹಾಕಿದಳು.