ಭಾನುವಾರದ ನೀರು

ಸೋಮವಾರ ಪಾಂಡೆಲಿಸ್ ಬುಗ್ಗೆಯ ಪಕ್ಕದ ಹೊಲವನ್ನು ಚರ್ಚಿಗೆ ಬರೆದುಕೊಡುವವನಿದ್ದ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ತಮ್ಮನೊಬ್ಬನಿದ್ದಾನೆ ಎಂಬುದು ಅವನಿಗೆ ನೆನಪಾಗಲಿಲ್ಲ. ಅಪ್ಪ ಪಾಲು ಮಾಡಿದಾಗಲೂ ಹೀಗೇ. ನೀರಿನ ಹೊಲ ಅಣ್ಣನಿಗೆ, ಆಡೂ ಮೂಸದ ಕಲ್ಲುನೆಲ ತಮ್ಮ ಆರ್ಗಿರಿಸ್‌ಗೆ. ಆರ್ಗಿರಿಸ್ ಎರಡು ಸಲ ಹೋಗಿ ಕೇಳಿದ. ಎರಡನೇ ಸಲ ಪಾಂಡೆಲಿಸ್ ಆಡಿನ ಹಾಲಿನ ಗಿಣ್ಣು ಕತ್ತರಿಸುತ್ತಲೇ ಹೇಳಿದ:

"ನಿನ್ ಕೈಗೆ ಕೊಟ್ರೆ ನಾಳೆನೇ ಬಾಟಲಿ ಕಂಪನಿಯೋರಿಗೆ ಮಾರ್ತೀಯ. ದೇವ್ರ ಕೈಲಿದ್ರೆ ಊರಿಗೆ ನೀರಾದ್ರೂ ಉಳಿಯುತ್ತೆ ಕಣೋ."

ಮಾತು ನಿಜವಾಗಿತ್ತು. ಅದಕ್ಕೇ ಹೆಚ್ಚು ಉರಿಯಿತು.

ಪಾಂಡೆಲಿಸ್ ದಿನಾ ಬೆಳಗ್ಗೆ ಕಮರಿಯ ಅಂಚಿನಲ್ಲಿ ಆಡು ಹೊಡೆದುಕೊಂಡು ಹೋಗುತ್ತಿದ್ದ. ತಳ್ಳಲು ಒಂದು ಕೈ ಸಾಕು. ಕಷ್ಟವಿದ್ದದ್ದು ಆ ಹೊತ್ತಿನಲ್ಲಿ ತಾನು ಬೇರೆಲ್ಲೋ ಇದ್ದೆ ಎಂದು ತೋರಿಸುವುದರಲ್ಲಿ. ಬುಗ್ಗೆ ಊರಿನ ಇನ್ನೊಂದು ಕಡೆಯ ಗುಡ್ಡದಲ್ಲಿತ್ತು. ಕಬ್ಬಿಣದ ರುಚಿಯ ಅದರ ಹುಳಿನೀರು ನೂಲಿನಂತೆ ಇಳಿಯುತ್ತದೆ. ಬೆತ್ತ ಹೆಣೆದ ದೊಡ್ಡ ಸೀಸೆ ತುಂಬಲು ಒಂದು ಗಂಟೆ ಬೇಕು. ತುಂಬಿದ ಸೀಸೆ ಹೊತ್ತು ಬಂದವನನ್ನು ಎಲ್ಲಿದ್ದೆ ಎಂದು ಯಾರೂ ಕೇಳುವುದಿಲ್ಲ. ಹೆಂಡತಿ ಎವಾಂಥಿಯಾಳಿಗೆ ಮಂಡಿನೋವು ಬಂದ ಮೇಲೆ, ಎರಡು ತಿಂಗಳಿಂದ, ನೀರು ತರುತ್ತಿದ್ದವನು ಆರ್ಗಿರಿಸನೇ. ಶನಿವಾರ ಮಧ್ಯಾಹ್ನ ಎರಡು ಸೀಸೆ ತುಂಬಿಸಿದ. ಒಂದನ್ನು ಮನೆಗೆ ತಂದ, ಇನ್ನೊಂದನ್ನು ಬುಗ್ಗೆದಾರಿಯ ಜರಿಗಿಡಗಳ ನಡುವೆ ಬಚ್ಚಿಟ್ಟ.

ಭಾನುವಾರ ಎಲ್ಲವೂ ಎಣಿಸಿದಂತೆಯೇ ನಡೆಯಿತು. ಬೀಳುವಾಗ ಪಾಂಡೆಲಿಸ್ ಕೂಗಲೂ ಇಲ್ಲ. ಊರೆಲ್ಲ ಚರ್ಚಿನಲ್ಲಿತ್ತು. ಆರ್ಗಿರಿಸ್ ಹಳ್ಳದ ಗುಂಟ ಸುತ್ತಿ ಬಂದು, ಬಚ್ಚಿಟ್ಟಿದ್ದ ಸೀಸೆಯನ್ನು ಹೆಗಲಿಗೇರಿಸಿ, ಪೂಜೆ ಮುಗಿಸಿ ಬರುತ್ತಿದ್ದವರ ಎದುರೇ ನಡೆದ.

"ದೇವ್ರಿಗಿಂತ ನೀರೇ ಹೆಚ್ಚಾಯ್ತೇನೋ?" ಎಂದು ಕಾಫಿ ಅಂಗಡಿಯವನು ಚುಚ್ಚಿದ.

"ನೀರಿಲ್ದಿದ್ರೆ ಬೈಯೋಳು ಹೆಂಡ್ತಿ, ದೇವ್ರಲ್ಲ."

ಎಲ್ಲರೂ ನಕ್ಕರು. ನಕ್ಕವರೆಲ್ಲ ಈಗ ತನ್ನ ಸಾಕ್ಷಿಗಳು ಎಂದುಕೊಂಡ.

ಮಧ್ಯಾಹ್ನ ಕುರಿಗಾಹಿಯೊಬ್ಬ ಹೆಣ ಕಂಡ. ಪಟ್ಟಣದಿಂದ ಬಂದ ಪೊಲೀಸಿನವನು ಸತ್ತವನ ಪಡಸಾಲೆಯಲ್ಲೇ ಕೂತು ಹೇಳಿಕೆ ಬರೆದುಕೊಂಡ. ಬೆಳಗ್ಗೆ ಬುಗ್ಗೆಯ ಹತ್ತಿರ ಇದ್ದೆ, ಆ ಸೀಸೆ ತುಂಬಿಸಿ ತಂದೆ ಎಂದು ಆರ್ಗಿರಿಸ್ ಹೇಳಿದ. ಅಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಪೊಲೀಸಿನವನು ಅವನ ಭುಜ ತಟ್ಟಿ, ನಿಮ್ಮಣ್ಣ ನೋಡಿಕೊಂಡು ನಡೆಯಬೇಕಿತ್ತು ಪಾಪ, ಎಂದ.

ಸಾವಿನ ಮನೆಗೆ ಬಂದವರಿಗೆ ಅಂದಿನ ಬುಗ್ಗೆನೀರನ್ನು ಹತ್ತಿರದ ರಕ್ತಸಂಬಂಧಿಯೇ ಬಗ್ಗಿಸಿ ಕೊಡಬೇಕು, ಅದು ಊರಿನ ಪದ್ಧತಿ. ಯಾರೋ ಅವನ ಮನೆಯಿಂದ ಸೀಸೆ ತಂದು ಮುಂದಿಟ್ಟರು. ಆರ್ಗಿರಿಸ್ ಬಗ್ಗಿಸಿದ. ಗಾಜಿನ ಲೋಟಕ್ಕೆ ಬಿದ್ದ ನೀರು ಇಟ್ಟಿಗೆಪುಡಿ ಕದಡಿದಂತಿತ್ತು. ಸೀಸೆ ಗಲೀಜಿರಬೇಕು ಎಂದುಕೊಂಡ. ನಿಲ್ಲಿಸುವಂತಿರಲಿಲ್ಲ, ಕೈಗಳು ಚಾಚಿಕೊಂಡೇ ಇದ್ದವು. ಹನ್ನೆರಡು ಲೋಟಕ್ಕೂ ಬಗ್ಗಿಸಿದ.

ಮುದುಕಿ ಜಖಾರೋ ತನ್ನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದು ನಿನ್ನೆ ನೀರಲ್ವೇನಪ್ಪ? ರಾತ್ರಿ ಕಳೆದ್ರೆ ತಾನೆ ಹಿಂಗೆ ತುಕ್ಕು ಬಿಡೋದು?" ಹೆಂಗಸರೆಲ್ಲ ತಮ್ಮ ತಮ್ಮ ಲೋಟ ನೋಡಿಕೊಂಡರು. ಯಾರೂ ಕುಡಿಯಲಿಲ್ಲ. ಪೊಲೀಸಿನವನು ಮಡಚಿಟ್ಟಿದ್ದ ಪುಸ್ತಕವನ್ನು ಮತ್ತೆ ಬಿಡಿಸಿದ. ಆರ್ಗಿರಿಸ್ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಮೂವತ್ತು ವರ್ಷ ಅವಳು ಪ್ರತಿ ಸಂಜೆ ಉಳಿದ ನೀರನ್ನು ಕಾಮಕಸ್ತೂರಿ ಗಿಡಗಳಿಗೆ ಸುರಿದು ಸೀಸೆ ತೊಳೆದಿಡುತ್ತಿದ್ದಳು. ರಾತ್ರಿ ಕಳೆದ ನೀರು ಹೇಗಿರುತ್ತದೆಂದು ಅವನು ಒಮ್ಮೆಯೂ ನೋಡಿರಲಿಲ್ಲ.