ಒಂದು ಹನಿ ರಕ್ತ ಕೇಳಿದ್ದಕ್ಕೆ...

"ನನ್ನ ತಂಗಿ ಕೈ ಬಿಡಿ!"

ಸುಮಿತಾ ಬೆಚ್ಚಿ ತಲೆಯೆತ್ತಿದಳು. ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದ ಯುವಕ ಸಿಟ್ಟಿನಿಂದ ಕುದಿಯುತ್ತಿದ್ದ. ಅವನ ದನಿಗೆ ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಕುಟ್ಟದ ಹತ್ತಿರದ ಕಾಫಿ ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳಲ್ಲಿ ಅಂದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ತಪಾಸಣೆ. ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ನರ್ಸ್ ಸುಮಿತಾ, ಕುಸುಮಾ ಎಂಬ ಹುಡುಗಿಯ ಊದಿದ ಬೆರಳುಗಳನ್ನು ನೋಡುತ್ತಿದ್ದಳಷ್ಟೇ.

"ಇವಳಿಗೆ ಮಾತ್ರೆ ಬೇಕು. ಕಣ್ಣು ನೋಡಿ, ಎಷ್ಟು ಹಳದಿಯಾಗಿದೆ..."

"ಗೊತ್ತು ಮೇಡಂ! ಹಿಂದೊಂದ್ಸಲಾನೂ ಯಾರೋ ಬಂದಿದ್ರು. ರಕ್ತ ತಗೊಂಡ್ರು, ಕಾಯಿಲೆಗೊಂದು ಹೆಸರಿಟ್ರು, ಹೋದ್ರು. ಲೈನಿಗೆಲ್ಲ ಸುದ್ದಿ ಆಯ್ತು. ಇವಳನ್ನ ನೋಡೋಕೆ ಬಂದಿದ್ದ ಗಂಡಿನ ಕಡೆಯೋರು ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. ಮಾತ್ರೆ ಕೊಡೋಕೆ ಯಾರು ಬಂದ್ರು? ಹೇಳಿ!"

ಉತ್ತರಕ್ಕೂ ಕಾಯದೆ ಅವನು ತಂಗಿಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟ. ಹೆಸರು ಬೀರ, ಎಸ್ಟೇಟಿನ ಜೀಪ್ ಓಡಿಸುತ್ತಾನೆ ಎಂದು ಯಾರೋ ಹೇಳಿದರು.

ಅಬ್ಬಾ, ಎಂಥ ಒರಟ! ಎಂದುಕೊಂಡಳು ಸುಮಿತಾ. ಆದರೆ ಅವನ ಪ್ರಶ್ನೆ ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅವಳೂ ಇವರಂತೆ ಬುಡಕಟ್ಟಿನವಳೇ, ಹಾಡಿಯಲ್ಲೇ ಹುಟ್ಟಿ ಬೆಳೆದವಳು. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಕಾಫಿ ಹಣ್ಣಿನ ಪಿಕಿಂಗ್ ಜೋರಾಗಿದ್ದ ಚಳಿಗಾಲದ ಒಂದು ಮಧ್ಯಾಹ್ನ, ಅದೇ ಬೀರನ ಜೀಪು ಆರೋಗ್ಯ ಕೇಂದ್ರದ ಮುಂದೆ ಬಂದು ನಿಂತಿತು.

"ಮೇಡಂ... ಕುಸುಮಾ... ಕೈಕಾಲು ನೋವು ಅಂತ ಒದ್ದಾಡ್ತಿದ್ದಾಳೆ. ಏನಾದ್ರೂ ಮಾಡಿ!"

ಹಿಂದಿನ ಸೀಟಿನಲ್ಲಿ ಕುಸುಮಾ ಮುದುಡಿ ಬಿದ್ದಿದ್ದಳು. ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಂಡಾಗ ಬರುವ ನೋವು ಅದು. ಮೂಳೆಯನ್ನೇ ಹಿಂಡುವ ನೋವು! ಸುಮಿತಾ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ತಾನೇ ಜೀಪು ಹತ್ತಿದಳು.

"ದೊಡ್ಡಾಸ್ಪತ್ರೆಗೆ ಹೋಗೋಣ. ಓಡಿಸಿ!"

ದಾರಿಯುದ್ದಕ್ಕೂ ಕುಸುಮಾಳ ತಲೆ ಅವಳ ಮಡಿಲಲ್ಲಿತ್ತು. ಕನ್ನಡಿಯಲ್ಲಿ ಬೀರನ ಒದ್ದೆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ" ಎಂದರು ಡಾಕ್ಟರು.

ಬೀರ ತಲೆತಗ್ಗಿಸಿ ನಿಂತ. "ಅವತ್ತು ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ ಮೇಡಂ..."

"ನೀವು ಕೇಳಿದ್ದು ಸರಿಯಾಗೇ ಇತ್ತು. ಇನ್ಮೇಲೆ ಮಾತ್ರೆ ನಾನೇ ತಂದುಕೊಡ್ತೀನಿ."

ಆಡಿದ ಮಾತಿಗೆ ಅವಳು ತಪ್ಪಲಿಲ್ಲ. ಕಾಫಿ ತೋಟ ಹೂವಾಗುವ ಹೊತ್ತಿಗೆ ಕುಸುಮಾ ಮತ್ತೆ ನಗುತ್ತಾ ಓಡಾಡುತ್ತಿದ್ದಳು. ಸುಮಿತಾ ಲೈನಿಗೆ ಬರುವ ದಿನ ಬೀರ ಬೆಲ್ಲದ ಕಾಫಿ ಕಾಸಿಟ್ಟು ಕಾಯತೊಡಗಿದ್ದ. ಅವನು ಕಾಣದಿದ್ದರೆ ಅವಳಿಗೂ ಏನೋ ಕಳೆದುಕೊಂಡಂತೆ...

ಒಂದು ಸಂಜೆ ಅವನು ಕೇಳಿಯೇಬಿಟ್ಟ.

"ನಾನು ಜೀಪ್ ಓಡಿಸೋನು, ನೀವು ಓದಿದೋರು. ಆದ್ರೂ ಕೇಳ್ತೀನಿ. ನನ್ನ ಮದ್ವೆ ಆಗ್ತೀರಾ?"

ಹೂಂ ಅನ್ನು... ಹೂಂ ಅನ್ನು... ಎನ್ನುತ್ತಿತ್ತು ಸುಮಿತಾಳ ಮನಸ್ಸು. ಬಾಯಿಂದ ಬಂದದ್ದೇ ಬೇರೆ.

"ಮೊದ್ಲು... ನೀವು ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ."

ಬೀರನ ಮುಖ ಕಪ್ಪಿಟ್ಟಿತು.

"ಓಹೋ! ಪಾಸಾದ್ರೆ ಮಾತ್ರ ಪ್ರೀತೀನಾ? ನನ್ನ ತಂಗೀನ ಬಿಟ್ಟು ಹೋದೋರಿಗೂ ನಿಮಗೂ ಏನು ವ್ಯತ್ಯಾಸ ಮೇಡಂ?"

"ಬೀರಾ, ಹಾಗಲ್ಲ..."

ಅವನು ಹೊರಟುಹೋಗಿದ್ದ.

ಹೇಗೆ ಹೇಳಲಿ? ಅವಳ ರಕ್ತದಲ್ಲೂ ಆ ಕಾಯಿಲೆಯ ಅರ್ಧ ಪಾಲಿತ್ತು. ಅದರಿಂದ ಅವಳಿಗೇನೂ ತೊಂದರೆಯಿಲ್ಲ. ಆದರೆ ತಂಗಿಗೆ ಕಾಯಿಲೆ ಇದ್ದ ಮೇಲೆ ಅಣ್ಣನಿಗೂ ಆ ಪಾಲು ಬಂದಿರಬಹುದು. ಇಬ್ಬರಿಗೂ ಇದ್ದರೆ? ಹುಟ್ಟುವ ಮಗುವಿನ ಗತಿ? ಹಿಂದೊಮ್ಮೆ ಇದನ್ನೇ ಹೇಳಿದಾಗ ಮದುವೆಯಾಗಬೇಕಿದ್ದ ಹುಡುಗ ಫೋನನ್ನೇ ಎತ್ತಲಿಲ್ಲ. ಊರಿಗೆಲ್ಲ 'ಮುಚ್ಚಿಡಬೇಡಿ' ಎಂದು ಬುದ್ಧಿ ಹೇಳುವವಳು ತನ್ನದನ್ನು ಮಾತ್ರ ನುಂಗಿಕೊಂಡಿದ್ದಳು!

ಅಂದಿನಿಂದ ಬೀರ ಎದುರಿಗೆ ಬರಲಿಲ್ಲ. ದಾರಿಯಲ್ಲಿ ಜೀಪು ಕಂಡರೂ ನಿಲ್ಲುತ್ತಿರಲಿಲ್ಲ. ಸುಮಿತಾ ಸೊರಗಿದಳು.

ಕೊನೆಗೆ ತಪಾಸಣೆಗೆಂದು ಆರೋಗ್ಯ ಕೇಂದ್ರಕ್ಕೆ ಬಂದ ಕುಸುಮಾ ಅವಳ ಕೈ ಹಿಡಿದಳು.

"ಅಣ್ಣ ಸರಿಯಾಗಿ ಊಟ ಮಾಡ್ತಿಲ್ಲ. ನೀವೂ ಹಿಂಗಾಗಿದ್ದೀರಿ. ಏನಾಯ್ತು ಅಕ್ಕಾ?"

ಸುಮಿತಾಳ ದುಃಖದ ಕಟ್ಟೆಯೊಡೆಯಿತು. ತನ್ನ ರಕ್ತದ ವಿಷಯ, ತನ್ನ ಭಯ, ಎಲ್ಲವನ್ನೂ ಹೇಳಿಕೊಂಡು ಅತ್ತಳು. "ಇಬ್ಬರಿಗೂ ಇದ್ರೆ ಮಗುಗೆ..."

"ನನ್ನಂಗೆ ಆಗ್ಬಹುದು. ಅಲ್ವಾ?"

ಸುಮಿತಾ ಅಳು ನಿಲ್ಲಿಸಿ ಅವಳ ಮುಖ ನೋಡಿದಳು.

"ನನ್ನಂಥ ಮಗು ಹುಟ್ಟಿದ್ರೆ ಅಷ್ಟು ದೊಡ್ಡ ಕೇಡಾ ಅಕ್ಕಾ?"

"ಅಯ್ಯೋ, ಹಂಗಲ್ಲ ಕಣೇ!"

"ನೋವು ಬಂದಾಗ ಈ ಜೀವ ಸಾಕಪ್ಪ ಅನ್ಸುತ್ತೆ, ನಿಜ. ಆದ್ರೆ ನೋವು ಇಳಿದ್ಮೇಲೆ ಬದುಕೋಕೆ ಎಷ್ಟು ಆಸೆ ಆಗುತ್ತೆ ಗೊತ್ತಾ? ಮೊದ್ಲು ನಂಗೆ ಮಾತ್ರೆ ಕೊಡೋರು ಯಾರೂ ಇರ್ಲಿಲ್ಲ. ಇವಾಗ ಮಾತ್ರೆ ಇದೆ, ನೀವಿದ್ದೀರಿ."

ಬಾಗಿಲ ಬಳಿ ಏನೋ ಸದ್ದಾಯಿತು. ತಂಗಿಯನ್ನು ಕರೆದೊಯ್ಯಲು ಬಂದಿದ್ದ ಬೀರ ಅಲ್ಲೇ ಕಂಬದಂತೆ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ!

ಅವನು ನಿಧಾನವಾಗಿ ಬಂದು ಎದುರಿಗೆ ಕುಳಿತು ಬೆರಳು ಚಾಚಿದ.

"ತಗೊಳ್ಳಿ."

"ಬೀರಾ... ಬಲವಂತ ಇಲ್ಲ."

"ಗೊತ್ತು. ತಗೊಳ್ಳಿ."

ಅವಳು ಅವನ ಬೆರಳಿಗೆ ಸೂಜಿ ಚುಚ್ಚಿದಳು. ಒಂದು ಹನಿ ರಕ್ತ. ಆಮೇಲೆ ಕಾಯುವುದಷ್ಟೇ... ಕುಸುಮಾ ಸದ್ದಿಲ್ಲದೆ ಹೊರಗೆ ಹೋದಳು. ಇಬ್ಬರೂ ಮೇಜಿನ ಮೇಲಿದ್ದ ಪರೀಕ್ಷೆಯ ಪುಟ್ಟ ಪಟ್ಟಿಯನ್ನೇ ದಿಟ್ಟಿಸಿದರು. ದೇವರೇ, ಇವನಿಗೆ ಇಲ್ಲದಿರಲಿ...

ಗೆರೆಗಳು ಮೂಡಿದವು. ಸುಮಿತಾಳ ಕಣ್ಣು ತುಂಬಿತು.

"ದೊಡ್ಡ ಲ್ಯಾಬಲ್ಲಿ ಇನ್ನೊಂದ್ಸಲ ನೋಡ್ಬೇಕು. ಆದ್ರೆ... ನೀವೂ ನನ್ನ ಹಾಗೇ."

ಬೀರ ಆ ಪಟ್ಟಿಯನ್ನು ತನ್ನತ್ತ ಎಳೆದುಕೊಂಡ.

"ಮಗುಗೆ ಬಂದೇ ಬರುತ್ತಾ?"

"ಪ್ರತಿ ಸಲಾನೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಬಸಿರಾದ ಮೊದಲಲ್ಲೇ ಪರೀಕ್ಷೆ ಮಾಡಿಸ್ಬಹುದು. ಏನು ಮಾಡ್ಬೇಕು ಅನ್ನೋದು ನಮಗೇ ಬಿಟ್ಟಿದ್ದು. ಮದುವೆ ಬೇಡ ಅಂತ ಯಾರೂ ಹೇಳಲ್ಲ." ಅವಳು ಮುಖ ತಿರುಗಿಸಿದಳು. "ನೀವು ಬೇಡ ಅಂದ್ರೆ ನಂಗೆ ಅರ್ಥ ಆಗುತ್ತೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವೂ ಬಿಟ್ಟು ಹೋಗ್ತೀರಿ ಅಂತ..."

"ಹೇಳದೇ ಇದ್ದಿದ್ದಕ್ಕೇ ತಾನೆ ಹೋಗಿದ್ದು!" ಅವನು ಅವಳ ಕೈಯನ್ನು ತನ್ನ ಕೈಯೊಳಗೆ ಮುಚ್ಚಿಕೊಂಡ. "ನಿಂಗೆ ಭಯ ಆಗ್ತಿದ್ಯಾ ಸುಮಿತಾ?"

ಮೊದಲ ಬಾರಿಗೆ ಅವನ ಬಾಯಲ್ಲಿ ಅವಳ ಹೆಸರು! ಅವಳು ಅಳುತ್ತಲೇ ತಲೆಯಾಡಿಸಿದಳು.

"ತುಂಬಾ..."

"ನಂಗೂ. ಅದಕ್ಕೆ ಒಬ್ಬೊಬ್ರೇ ಕೂತ್ಕೊಂಡು ಯಾಕೆ ಹೆದರೋದು? ಬಾ, ಒಟ್ಟಿಗೆ ಹೆದರೋಣ."